ಗೋಡೆಯ ಹೊರಗೆ ಕೇಳಿದ್ದು, ವೇದಿಕೆಯ ಮುಂದೆ ಕೇಳಿದ್ದು

ನಮ್ಮ ಮಾಮು 2002ರಲ್ಲಿ ಒಂದು ಸಂಜೆ ಅರಮನೆ ಮೈದಾನದ ಕಾಂಪೌಂಡ್ ಗೋಡೆಯ ಹೊರಗೆ ಎರಡು ಗಂಟೆ ನಿಂತಿದ್ದರು. ಒಳಗೆ ರೋಜರ್ ವಾಟರ್ಸ್ ಹಾಡುತ್ತಿದ್ದರು. 1965ರಲ್ಲಿ ಲಂಡನ್ನಿನಲ್ಲಿ ಶುರುವಾದ ಪಿಂಕ್ ಫ್ಲಾಯ್ಡ್ ಬ್ಯಾಂಡನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಮಾಮುಗೆ ಆಗ ಇಪ್ಪತ್ತು ವರ್ಷ, ಟಿಕೆಟ್‌ಗೆ ದುಡ್ಡಿರಲಿಲ್ಲ. ಕೊಡಿಗೇಹಳ್ಳಿ ಗೇಟಿನಲ್ಲಿ ಬಸ್ ಹತ್ತಿ ಮೇಖ್ರಿ ಸರ್ಕಲ್‌ನಲ್ಲಿ ಇಳಿದು, ಗೋಡೆಗೆ ಒರಗಿ ಕೇಳಿದರಂತೆ. "ಏನು ಕೇಳಿಸಿತು ಮಾಮು?" ಎಂದರೆ, "ದಬ್, ದಬ್, ದಬ್. ಅಷ್ಟೇ. ಯಾವ ಹಾಡು ಅಂತಲೂ ಗೊತ್ತಾಗಲಿಲ್ಲ" ಎಂದು ಈಗಲೂ ನಗುತ್ತಾರೆ. ಆ ಬ್ಯಾಂಡಿನ ಪ್ರಸಿದ್ಧ ಆಲ್ಬಂ ಒಂದರ ಹೆಸರೇ 'ದಿ ವಾಲ್', ಅಂದರೆ ಗೋಡೆ. ಅದನ್ನು ನಿಜವಾಗಿ ಕೇಳಿದವನು ನಾನೊಬ್ಬನೇ ಎಂಬುದು ಅವರ ಹಳೆಯ ಜೋಕು.

ಗೋಡೆ ದಾಟಿ ಬರೀ 'ದಬ್ ದಬ್' ಏಕೆ ಬಂತು ಎಂಬುದಕ್ಕೆ ಉತ್ತರ ನಮ್ಮ ಭೌತಶಾಸ್ತ್ರದ ಪುಸ್ತಕದಲ್ಲೇ ಇದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಸಿಗುತ್ತದೆ. ಬೇಸ್ ಗಿಟಾರಿನ 60 ಹರ್ಟ್ಸ್ ಸ್ವರದ ಒಂದು ಅಲೆ ಹೆಚ್ಚುಕಡಿಮೆ 5.7 ಮೀಟರ್ ಉದ್ದ. ಮಾತಿನಲ್ಲಿ 'ಸ', 'ಶ'ಗಳನ್ನು ಬೇರೆ ಮಾಡಿ ತೋರಿಸುವ 5000 ಹರ್ಟ್ಸ್ ಶಬ್ದದ ಅಲೆ ಬರೀ 7 ಸೆಂಟಿಮೀಟರ್. ಆಳುದ್ದದ ಗೋಡೆ ದೊಡ್ಡ ಅಲೆಗೆ ಒಂದು ತಡೆಯೇ ಅಲ್ಲ, ಅದು ಬಾಗಿ ಆಚೆ ಇಳಿಯುತ್ತದೆ. ಸಣ್ಣ ಅಲೆ ಅಲ್ಲಿಗೇ ನಿಲ್ಲುತ್ತದೆ. ಪಕ್ಕದ ಬೀದಿಯ ಮದುವೆ ಮನೆಯಿಂದ ಡ್ರಮ್ಮು ಕೇಳಿ ಹಾಡು ಕೇಳದಿರುವುದೂ ಇದೇ ಕಾರಣಕ್ಕೆ.

ಕಳೆದ ವರ್ಷ ನನಗೆ ಗೋಡೆಯ ಒಳಗೆ ನಿಲ್ಲುವ ಅವಕಾಶ ಸಿಕ್ಕಿತು. ಪಿಂಕ್ ಫ್ಲಾಯ್ಡ್‌ಗಲ್ಲ, ನನ್ನ ಮೆಚ್ಚಿನ ಬ್ಯಾಂಡ್ ಪರ್ವಾಜ್‌ಗೆ. ಅದಾದ ಮೇಲೆ ತರಗತಿಯಲ್ಲಿ ಹಲವರು ಕೇಳಿದರು: ಸೈಕೆಡೆಲಿಕ್ ರಾಕ್ ಅಂದರೇನು, ಫೋನಿನಲ್ಲೇ ಸಿಗುವುದನ್ನು ಅಷ್ಟು ದೂರ ಹೋಗಿ ಕೇಳಬೇಕಾ, ಮನೆಯಲ್ಲಿ ಬಿಟ್ಟದ್ದು ಹೇಗೆ? ಮೂರಕ್ಕೂ ಇಲ್ಲಿ ಉತ್ತರ ಬರೆಯುತ್ತಿದ್ದೇನೆ. ಮೂರನೆಯದೇ ಕಷ್ಟದ್ದು.

ಪರ್ವಾಜ್ ನಮ್ಮ ಬೆಂಗಳೂರಿನ ಬ್ಯಾಂಡ್. ಕಾಶ್ಮೀರದಿಂದ ಬಂದ ಖಾಲಿದ್ ಅಹಮದ್ ಮತ್ತು ಮೀರ್ ಕಾಶಿಫ್ ಇಕ್ಬಾಲ್ ಎಂಬ ಗೆಳೆಯರು 2010ರಲ್ಲಿ ಇಲ್ಲಿ ಶುರು ಮಾಡಿದರು. ಖಾಲಿದ್ ಹಾಡುಗಾರ, ಕಾಶಿಫ್ ಗಿಟಾರು. ಡ್ರಮ್ಸ್‌ಗೆ ಸಚಿನ್ ಬನಂದೂರ್, ಬೇಸ್‌ಗೆ ಫಿಡೆಲ್ ಡಿಸೋಜಾ ಸೇರಿದರು. ಹಾಡುವುದು ಹೆಚ್ಚಾಗಿ ಉರ್ದುವಿನಲ್ಲಿ, ಕೆಲವು ಕಾಶ್ಮೀರಿಯಲ್ಲಿ. ಪರ್ವಾಜ್ ಎಂದರೆ ಹಾರಾಟ. 2012ರಲ್ಲಿ 'ಬೇಹೋಶ್', 2014ರಲ್ಲಿ 'ಬಾರಾನ್', 2019ರಲ್ಲಿ 'ಕುನ್' ಬಂದವು. ಬಾರಾನ್ ಅಂದರೆ ಮಳೆ. ಕುನ್ ಎಂಬ ಪದದ ಅರ್ಥವನ್ನು ನಮ್ಮ ಕಾಲೇಜಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಮನೆಯ ಮಾತು ದಖನಿ. ಹೊರಗೆ ಅದನ್ನಾಡಿದರೆ ನಗುವವರಿದ್ದಾರೆ, ಹಾಗಾಗಿ ನಾನು ಬಸ್ಸಿನಲ್ಲಿ ಫೋನ್ ಬಂದರೆ ದನಿ ತಗ್ಗಿಸುತ್ತಿದ್ದೆ. ಎಲೆಕ್ಟ್ರಿಕ್ ಗಿಟಾರಿನ ಜೊತೆ, ಬೆಂಗಳೂರಿನದೇ ಬ್ಯಾಂಡೊಂದು, ಯಾರಿಗೂ ಅಂಜದೆ ಉರ್ದು ಹಾಡುವುದನ್ನು ಮೊದಲು ಕೇಳಿದಾಗ ಏನನ್ನಿಸಿತು ಎಂದು ನಮ್ಮಂಥ ಮನೆಯವರಿಗೆ ಅರ್ಥವಾದೀತು. ಅದು ನಮ್ಮ 'ನಕ್ಕೊ', 'ಹೌ'ಗಳ ದಖನಿಯಲ್ಲ, ಅಚ್ಚ ಉರ್ದು. ಅರ್ಧ ಪದಗಳಿಗೆ ಅಮ್ಮಿಯನ್ನು ಕೇಳಬೇಕಾಯಿತು. ಅಮ್ಮಿ ರೊಟ್ಟಿ ಲಟ್ಟಿಸುತ್ತಾ ಅರ್ಧ ಹಾಡು ಕೇಳಿ, "ಗಲಾಟೆ ಜಾಸ್ತಿ. ಆದರೆ ಹುಡುಗನ ತಲಫ್ಫುಜ್ ಚೆನ್ನಾಗಿದೆ, ಖೆ, ಘೈನ್ ಎಲ್ಲ ಸರಿಯಾಗಿ ಹೇಳುತ್ತಾನೆ" ಎಂದರು. ಅಷ್ಟಕ್ಕೆ ಅಮ್ಮಿ ನನ್ನ ಕಡೆ ಬಂದಂತಾಯಿತು.

ಅಬ್ಬಾ ಒಪ್ಪಲಿಲ್ಲ. ಸೈಕೆಡೆಲಿಕ್ ಎಂಬ ಪದವನ್ನು ಅವರು ಫೋನಿನಲ್ಲಿ ಹುಡುಕಿದರು. ಮೊದಲು ಬಂದದ್ದೇ ಮಾದಕ ವಸ್ತುಗಳ ಪಟ್ಟಿ. ಫೋನನ್ನು ನನ್ನ ಮುಂದಿಟ್ಟು, "ಇದೇನು ಅಂತ ನೀನೇ ಹೇಳು" ಎಂದರು. ಸಂಗೀತ ಕೇಳಬಹುದೇ ಎಂಬ ಬಗ್ಗೆ ನಮ್ಮ ಮನೆಗಳಲ್ಲಿ ಒಂದೇ ಅಭಿಪ್ರಾಯವಿಲ್ಲ, ನನ್ನ ದಾದಿ ದಫ್ ಬಿಟ್ಟು ಬೇರೆ ವಾದ್ಯ ಒಪ್ಪುವುದಿಲ್ಲ. ಅಬ್ಬಾ ಆ ಮಾತೆತ್ತಲಿಲ್ಲ. ಅವರು ಕೇಳಿದ್ದು ನಶೆಯ ಬಗ್ಗೆ. ಅದು ನ್ಯಾಯವಾದ ಪ್ರಶ್ನೆ. ಸುಳ್ಳು ಹೇಳಿ ದಾಟಿಸಿದ್ದರೆ ನಾನು ಮುಂದೆ ಯಾವ ಕಾರ್ಯಕ್ರಮಕ್ಕೂ ಹೋಗುವಂತಿರಲಿಲ್ಲ. ಓದಿಕೊಂಡು ಬರುತ್ತೇನೆ ಎಂದು ಒಂದು ವಾರ ಸಮಯ ಕೇಳಿದೆ.

ಓದಿದ್ದು ಇದು. ಸೈಕೆಡೆಲಿಕ್ ಪದವನ್ನು ಹುಟ್ಟಿಸಿದವರು ಸಂಗೀತಗಾರರಲ್ಲ. ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯರು 1956ರಲ್ಲಿ ಲೇಖಕ ಆಲ್ಡಸ್ ಹಕ್ಸ್‌ಲಿಗೆ ಬರೆದ ಪತ್ರದಲ್ಲಿ ಅದು ಹುಟ್ಟಿತು. ಗ್ರೀಕ್ ಮೂಲದ ಎರಡು ಪದಗಳಿಂದ ಕಟ್ಟಿದ್ದು, 'ಮನಸ್ಸನ್ನು ತೆರೆದು ತೋರಿಸುವಂಥದು' ಎಂದು ಅರ್ಥ. ಅವರು ಹೇಳುತ್ತಿದ್ದುದು ಎಲ್‌ಎಸ್‌ಡಿಯಂಥ ರಾಸಾಯನಿಕಗಳ ಬಗ್ಗೆಯೇ. ಹತ್ತು ವರ್ಷದ ನಂತರ ಕ್ಯಾಲಿಫೋರ್ನಿಯಾ, ಟೆಕ್ಸಸ್, ಲಂಡನ್‌ಗಳಲ್ಲಿ ಒಂದು ಬಗೆಯ ರಾಕ್ ಸಂಗೀತಕ್ಕೆ ಅದೇ ಹೆಸರು ಅಂಟಿತು. ಆ ಕಾಲದ ಹಲವು ಸಂಗೀತಗಾರರು ಮಾದಕ ವಸ್ತು ಬಳಸುತ್ತಿದ್ದದ್ದೂ ನಿಜ, ಅದಕ್ಕೆ ತೆತ್ತ ಬೆಲೆಯೂ ನಿಜ. ಪಿಂಕ್ ಫ್ಲಾಯ್ಡ್‌ನ ಮೊದಲ ನಾಯಕ ಸಿಡ್ ಬ್ಯಾರೆಟ್ ಎಲ್‌ಎಸ್‌ಡಿ ಸೇವಿಸುತ್ತಿದ್ದ. ಮಾನಸಿಕವಾಗಿ ಕುಸಿದು 1968ರಲ್ಲಿ ಬ್ಯಾಂಡಿನಿಂದ ಹೊರಬಿದ್ದಾಗ ಅವನಿಗೆ ಇಪ್ಪತ್ತೆರಡು ವರ್ಷ. 2006ರಲ್ಲಿ ಸಾಯುವವರೆಗೆ ಕೇಂಬ್ರಿಡ್ಜಿನಲ್ಲಿ ಜನರಿಂದ ದೂರವೇ ಉಳಿದ.

ಆದರೆ ಆ ಸಂಗೀತ ತನ್ನ ಉಪಕರಣಗಳನ್ನು ಬೇರೆ ಕಡೆಯಿಂದಲೂ ತಂದಿತು, ಮುಖ್ಯವಾಗಿ ನಮ್ಮ ದೇಶದಿಂದ. 1966ರಲ್ಲಿ ಬೀಟಲ್ಸ್ ತಮ್ಮ 'ರಿವಾಲ್ವರ್' ಆಲ್ಬಂನ ಕೊನೆಯ ಹಾಡಿನಲ್ಲಿ ತಂಬೂರಿಯ ಶ್ರುತಿ ಇಟ್ಟರು. ಅದೇ ವರ್ಷ ಅವರ ಜಾರ್ಜ್ ಹ್ಯಾರಿಸನ್ ಪಂಡಿತ್ ರವಿಶಂಕರ್ ಬಳಿ ಸಿತಾರ್ ಕಲಿಯತೊಡಗಿದರು. 1967ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಉತ್ಸವದಲ್ಲಿ ರಾಕ್ ಬ್ಯಾಂಡುಗಳ ನಡುವೆ ರವಿಶಂಕರ್ ಮತ್ತು ಉಸ್ತಾದ್ ಅಲ್ಲಾ ರಖಾ ನುಡಿಸಿದರು. ಅಮಲೇರಿ ಕೇಳಲು ಬರುವವರ ಬಗ್ಗೆ ರವಿಶಂಕರ್ ತಮ್ಮ ಅಸಮಾಧಾನವನ್ನು ಬಹಿರಂಗವಾಗಿ, ಮತ್ತೆ ಮತ್ತೆ ಹೇಳಿದರು. ಈ ಸಂಗೀತಕ್ಕೆ ಎಚ್ಚರದ ಮನಸ್ಸೇ ಬೇಕು ಎಂಬುದು ಅವರ ನಿಲುವು.

ಇದಕ್ಕಿಂತ ಹತ್ತಿರದ ಉದಾಹರಣೆ ನಮ್ಮ ಶಿಶುನಾಳ ಶರೀಫರದು. ಹತ್ತೊಂಬತ್ತನೆಯ ಶತಮಾನದ ಶರೀಫರು ಗುಡುಗುಡಿ ಸೇದುವ ಬಗ್ಗೆ ಒಂದು ತತ್ವಪದ ಕಟ್ಟಿದ್ದಾರೆ. ಅದನ್ನು ಬೆಂಗಳೂರಿನ ರಘು ದೀಕ್ಷಿತ್ ರಾಕ್ ಶೈಲಿಯಲ್ಲಿ ಹಾಡಿ ನಮ್ಮ ಪೀಳಿಗೆಗೆ ಮುಟ್ಟಿಸಿದರು. ಅಲ್ಲಿ ಗುಡುಗುಡಿ ಎಂದರೆ ತಂಬಾಕಲ್ಲ, ದೇಹ ಮತ್ತು ಮನಸ್ಸಿನ ರೂಪಕ. ಉರ್ದು ಕಾವ್ಯದಲ್ಲೂ ಸಾಕಿ, ಪೈಮಾನಾ, ಬೇಹೋಶಿ ಎಲ್ಲ ಹೀಗೆಯೇ ಬರುತ್ತವೆ. ನಶೆಯ ಮಾತು ಆಡಿದವರೆಲ್ಲ ನಶೆ ಮಾಡಿದವರಲ್ಲ.

ಇಷ್ಟನ್ನು ಅಬ್ಬಾ ಮುಂದೆ ಹೇಳಿದೆ. ಸಿಡ್ ಬ್ಯಾರೆಟ್‌ನ ಕಥೆಯನ್ನೂ ಮುಚ್ಚಿಡದೆ ಹೇಳಿದೆ. ಅಬ್ಬಾ ಎಲ್ಲ ಕೇಳಿ, "ಹಾಗಾದರೆ ಹೆಸರು ಯಾಕೆ ಬದಲಾಯಿಸಲಿಲ್ಲ?" ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಪಕ್ಕದಲ್ಲಿದ್ದ ಮಾಮು, "ಭಾಯ್, ನಾನು ಜೊತೆಗೆ ಹೋಗುತ್ತೇನೆ" ಎಂದರು. ಮಾಮು ಜೊತೆಗೇ ಇರಬೇಕು, ಹನ್ನೊಂದರೊಳಗೆ ಮನೆಯಲ್ಲಿರಬೇಕು ಎಂಬ ಷರತ್ತಿನ ಮೇಲೆ ಅನುಮತಿ ಸಿಕ್ಕಿತು.

ಜಾಗದ ಬಗ್ಗೆಯೂ ಒಂದು ಮಾತು. ನಗರದಲ್ಲಿ ಇಂಥ ಬ್ಯಾಂಡುಗಳು ನುಡಿಸುವುದು ಬಹುಪಾಲು ಪಬ್ಬುಗಳಲ್ಲಿ. ಬಾಗಿಲಲ್ಲೇ ವಯಸ್ಸು ಕೇಳುತ್ತಾರೆ, ಪಿಯುಸಿ ಮಕ್ಕಳಿಗೆ ಪ್ರವೇಶವಿಲ್ಲ. ಎರಡು ವರ್ಷ ನಾನು ಪೋಸ್ಟರ್ ನೋಡಿ ನೋಡಿಯೇ ಸುಮ್ಮನಿದ್ದೆ. ಕೊನೆಗೆ ಸಿಕ್ಕಿದ್ದು ಒಂದು ಎಂಜಿನಿಯರಿಂಗ್ ಕಾಲೇಜಿನ ಹಬ್ಬ, ಬಯಲು ವೇದಿಕೆ, ಹೊರಗಿನವರಿಗೂ ಪಾಸ್. ನಮ್ಮ ವಯಸ್ಸಿನವರು ಕಾಯಬೇಕಾದದ್ದು ಇಂಥ ಕಾಲೇಜು ಹಬ್ಬ ಮತ್ತು ಸಭಾಂಗಣದ ಕಾರ್ಯಕ್ರಮಗಳಿಗೆ.

ಮಗ್ರಿಬ್ ಮುಗಿಸಿ ಹೊರಟೆವು. ವೇದಿಕೆಯ ಮುಂದೆ ಜಾಗ ಹಿಡಿದಾಗ ಇನ್ನೂ ಸೌಂಡ್ ಚೆಕ್ ನಡೆದಿತ್ತು. ಗಿಟಾರ್ ವಾದಕನ ಕಾಲ ಬಳಿ ಒಂದು ಹಲಗೆ, ಅದರ ಮೇಲೆ ಟಿಫನ್ ಬಾಕ್ಸಿನಷ್ಟೇ ಇರುವ ಲೋಹದ ಡಬ್ಬಿಗಳ ಸಾಲು. ಅವೇ ಪೆಡಲ್‌ಗಳು. ಸೈಕೆಡೆಲಿಕ್ ಸಂಗೀತದ ಮಾಯೆಯೆಲ್ಲ ಬಹುಮಟ್ಟಿಗೆ ಆ ಡಬ್ಬಿಗಳಲ್ಲಿದೆ. ಮಾಯೆ ಎಂದರೂ ಒಳಗಿರುವುದು ಬರೀ ಸರ್ಕ್ಯೂಟು.

ಅದರಲ್ಲಿ ಒಂದು ಡಿಲೇ. ನುಡಿಸಿದ ಸ್ವರವನ್ನು ಹಿಡಿದಿಟ್ಟು ಸ್ವಲ್ಪ ಹೊತ್ತಿನ ಮೇಲೆ, ಪ್ರತಿ ಸಲ ಇನ್ನಷ್ಟು ಮೆಲ್ಲಗೆ, ಮತ್ತೆ ಮತ್ತೆ ಹೇಳುತ್ತದೆ. ವಿಜಯಪುರದ ಗೋಲ್ ಗುಂಬಜ್‌ಗೆ ಹೋದವರಿಗೆ ಇದು ಗೊತ್ತು. ಮೇಲಿನ ಪಿಸುಮಾತಿನ ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ಹೊಡೆದರೆ ಏಳು ಸಲಕ್ಕೂ ಹೆಚ್ಚು ಮರಳಿ ಬರುತ್ತದೆ. ಮುಹಮ್ಮದ್ ಆದಿಲ್ ಶಾಹನ ಸಮಾಧಿಯಾದ ಆ ಗುಮ್ಮಟ ಮುಗಿದದ್ದು 1656ರಲ್ಲಿ, ಹಾಗಾಗಿ ಕರ್ನಾಟಕದ ಮೊದಲ ಡಿಲೇ ಪೆಡಲ್ ಅದೇ ಎಂದು ನಾನು ವಾದಿಸುತ್ತೇನೆ. ಅವನ ತಂದೆ ಎರಡನೇ ಇಬ್ರಾಹಿಂ ಆದಿಲ್ ಶಾಹನಂತೂ ದಖನಿಯಲ್ಲಿ 'ಕಿತಾಬ್-ಎ-ನೌರಸ್' ಎಂಬ ಹಾಡುಗಳ ಪುಸ್ತಕ ಬರೆದವನು, ತನ್ನ ತಂಬೂರಿಗೆ 'ಮೋತಿ ಖಾನ್' ಎಂದು ಹೆಸರಿಟ್ಟವನು. ನಾನು ಬಸ್ಸಿನಲ್ಲಿ ಆಡಲು ನಾಚುತ್ತಿದ್ದದ್ದು ಆ ರಾಜ ಹಾಡು ಕಟ್ಟಿದ ಭಾಷೆಯನ್ನು. ಇದು ತಿಳಿದದ್ದು ಈ ಲೇಖನಕ್ಕೆ ಓದುವಾಗ.

ಇನ್ನೊಂದು ರಿವರ್ಬ್. ಇಲ್ಲಿ ಪ್ರತಿಧ್ವನಿಗಳು ಬಿಡಿಬಿಡಿಯಾಗಿ ಕೇಳುವುದಿಲ್ಲ, ಎಲ್ಲ ಕೂಡಿಕೊಂಡು ಒಂದು ಬಾಲದಂತೆ ಹಿಂದೆ ಬರುತ್ತವೆ. ಖಾಲಿ ರೈಲ್ವೆ ಅಂಡರ್‌ಪಾಸಿನಲ್ಲಿ ಕೂಗಿದರೆ ಆಗುವುದು ಅದೇ. ವಾ ಎಂಬ ಪೆಡಲ್ಲನ್ನು ಕಾಲಿನಿಂದ ಒತ್ತಿ ಬಿಡುತ್ತಾರೆ. ನಾವು ಬಾಯಿಯನ್ನು 'ಊ'ದಿಂದ 'ಆ'ಗೆ ತೆರೆದಂತೆ ಅದು ಸ್ವರದ ಬೇರೆ ಬೇರೆ ಆವೃತ್ತಿಗಳನ್ನು ಎತ್ತಿ ತೋರಿಸುತ್ತದೆ, ಗಿಟಾರು ಮಾತಾಡಿದಂತೆ ಕೇಳುತ್ತದೆ.

ಫಜ್ ಎಂಬುದು ನನಗೆ ಎಲ್ಲಕ್ಕಿಂತ ಇಷ್ಟ. ಸಂಕೇತವನ್ನು ಸರ್ಕ್ಯೂಟ್ ತಾಳಲಾರದಷ್ಟು ಹಿಗ್ಗಿಸುತ್ತಾರೆ. ನುಣುಪಾದ ಸೈನ್ ಅಲೆಯ ಮೇಲ್ತುದಿ, ಕೆಳತುದಿ ಎರಡೂ ಕತ್ತರಿಸಿಹೋಗಿ ಅಲೆ ಚೌಕಾಕಾರವಾಗುತ್ತದೆ. ಅಲೆಯ ಆಕಾರ ಬದಲಾದರೆ ಮೂಲದಲ್ಲಿ ಇಲ್ಲದ ಹೊಸ ಹಾರ್ಮೋನಿಕ್‌ಗಳು ಹುಟ್ಟುತ್ತವೆ: ಮೂರು ಪಟ್ಟು, ಐದು ಪಟ್ಟು, ಏಳು ಪಟ್ಟು ಆವೃತ್ತಿಯವು. ಒಂದೇ ತಂತಿ ಮೀಟಿದರೂ ಜೇನುಹುಳುಗಳ ಗುಂಪು ಎದ್ದಂತೆ ಕೇಳುವುದು ಅದಕ್ಕೆ. ಹಳೆಯ ರೇಡಿಯೋದ ವಾಲ್ಯೂಮ್ ಪೂರ್ತಿ ತಿರುಗಿಸಿದಾಗ ಬರುವ ಕರಕರವೂ ಇದೇ. ಒಂದು ಕಡೆ ದೋಷ, ಇನ್ನೊಂದು ಕಡೆ ರಾಗ.

ಇವೆಲ್ಲ ಫೋನಿನಲ್ಲೂ ಕೇಳುತ್ತವಲ್ಲ ಎನ್ನಬಹುದು. ಕೇಳುತ್ತವೆ. ಆದರೆ ಫೋನಿನ ಸಣ್ಣ ಸ್ಪೀಕರು 60 ಹರ್ಟ್ಸ್ ಅಲೆಯನ್ನು ಹುಟ್ಟಿಸಲಾರದು. ಇಯರ್‌ಫೋನು ಅದನ್ನು ಕಿವಿಗೆ ಕೊಡಬಹುದು, ಎದೆಗೆ ಕೊಡಲಾರದು. ಆ ಸಂಜೆ ಬೇಸ್ ಶುರುವಾದಾಗ ಅಂಗಿಯ ಗುಂಡಿ ನಡುಗಿದ್ದನ್ನು ಕೈಯಿಟ್ಟು ನೋಡಿದೆ. ರೆಕಾರ್ಡ್ ಮಾಡುವಾಗ ಮೆಲುದನಿ ಮತ್ತು ಜೋರುದನಿಗಳ ಅಂತರವನ್ನು ಸಾಮಾನ್ಯವಾಗಿ ಕುಗ್ಗಿಸಿರುತ್ತಾರೆ, ಇಲ್ಲವಾದರೆ ಬಸ್ಸಿನ ಗದ್ದಲದಲ್ಲಿ ಮೆಲ್ಲಗಿನದು ಕೇಳಿಸುವುದೇ ಇಲ್ಲ. ವೇದಿಕೆಯ ಮುಂದೆ ಆ ಅಂತರ ಪೂರ್ತಿ ಉಳಿಯುತ್ತದೆ.

ಹಾಡಿನ ಉದ್ದವೂ ಬದಲಾಗುತ್ತದೆ. 'ಬಾರಾನ್' ಹಾಡು ಆಲ್ಬಂನಲ್ಲೇ ಹತ್ತು ನಿಮಿಷ ದಾಟುತ್ತದೆ. ಅಂದು ಅದು ಇನ್ನೂ ಬೆಳೆಯಿತು. ಮೊದಲು ಗಿಟಾರಿನ ಒಂದೆರಡು ಸ್ವರ, ಡಿಲೇಯಲ್ಲಿ ಮಳೆಹನಿಯಂತೆ ಬೀಳುತ್ತಾ. ಬಹಳ ಹೊತ್ತು ಅಷ್ಟೇ. ನನ್ನ ಹಿಂದಿದ್ದ ಒಬ್ಬ ಹುಡುಗ "ಹಾಳಾಯಿತಾ ಏನು?" ಎಂದ. ಆಮೇಲೆ ಡ್ರಮ್ಸ್ ಮೆಲ್ಲಗೆ ಸೇರಿತು, ಖಾಲಿದ್ ದನಿ ತೆಗೆದರು. ಕವ್ವಾಲಿ ಕೇಳಿದವರಿಗೆ ಈ ಕಟ್ಟಡ ಪರಿಚಿತ. ಕವ್ವಾಲ ಒಂದೇ ಮಿಸ್ರಾವನ್ನು ಹತ್ತು ಸಲ ತಿರುಗಿಸಿ ಹೇಳುತ್ತಾ, ಜನರ ಮುಖ ನೋಡಿ ಯಾವಾಗ ಏರಬೇಕು ಎಂದು ತೀರ್ಮಾನಿಸುತ್ತಾನೆ. ಇಲ್ಲೂ ಹಾಗೆಯೇ, ಬ್ಯಾಂಡಿನವರು ಒಬ್ಬರನ್ನೊಬ್ಬರು ನೋಡಿಕೊಂಡು ಕಾಯುತ್ತಿದ್ದರು. ಎಲ್ಲ ಒಟ್ಟಿಗೆ ಸ್ಫೋಟಿಸಿದ ಕ್ಷಣ ಯಾವ ಆಲ್ಬಂನಲ್ಲೂ ಇಲ್ಲ, ಅಂದಿಗೆ ಮಾತ್ರ ಸೇರಿದ್ದು. ನನ್ನ ಪಕ್ಕದಲ್ಲಿದ್ದ ಸಹಪಾಠಿಗೆ ಉರ್ದುವಿನ ಒಂದಕ್ಷರವೂ ಬಾರದು, ಸಾಲುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿ ಬಂದಿದ್ದ. ಎರಡು ಕಡೆ ತಪ್ಪು ಹೇಳಿದ, ಜೋರಾಗಿಯೇ ಹೇಳಿದ.

ಆ ರಾತ್ರಿ ನಾನೂ ಒಂದು ತಪ್ಪು ಮಾಡಿದೆ. ಮುಂದೆ ನಿಲ್ಲುವ ಆಸೆಗೆ ಸ್ಪೀಕರ್ ಗೋಪುರದ ಎದುರಿಗೇ ಒಂದು ಗಂಟೆಗೂ ಹೆಚ್ಚು ನಿಂತೆ. ಮನೆಗೆ ಬಂದು ಮಲಗಿದಾಗ ಕಿವಿಯಲ್ಲಿ 'ಕುಂಯ್' ಎಂಬ ಸದ್ದು. ಮರುದಿನ ಮಧ್ಯಾಹ್ನದವರೆಗೆ ಹೋಗಲಿಲ್ಲ. ತರಗತಿಯಲ್ಲಿ ಹಾಜರಿ ಕರೆದದ್ದು ಕೇಳಿಸದೆ ಗೈರುಹಾಜರಿ ಬಿತ್ತು. ನಿಜ ಹೇಳಿದಾಗ ನಮ್ಮ ಜೀವಶಾಸ್ತ್ರದ ಮೇಡಂ ಬೈಯಲಿಲ್ಲ, ಕಿವಿಯ ಪಾಠ ತೆಗೆಸಿದರು. ಒಳಗಿವಿಯ ಕಾಕ್ಲಿಯಾದಲ್ಲಿ ಸುಮಾರು 15,000 ರೋಮಕೋಶಗಳಿವೆ. ಶಬ್ದದ ಅಲೆಯನ್ನು ನರಕ್ಕೆ ತಿಳಿಸುವ ಕೆಲಸ ಅವುಗಳದು. ಅತಿ ಜೋರಾದ ಶಬ್ದಕ್ಕೆ ಅವು ದಣಿದರೆ ಚೇತರಿಸಿಕೊಳ್ಳಬಹುದು, ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಈ ಸಲ ಸದ್ದು ನಿಂತಿತು, ಮುಂದಿನ ಸಲವೂ ನಿಲ್ಲುತ್ತದೆ ಎಂಬ ಖಾತರಿಯಿಲ್ಲ.

ಲೆಕ್ಕ ಹೀಗಿದೆ. 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆ ಇರಬಹುದು ಎನ್ನುತ್ತದೆ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಶಿಫಾರಸು. ಪ್ರತಿ 3 ಡೆಸಿಬೆಲ್ ಏರಿಕೆಗೆ ಶಬ್ದದ ಶಕ್ತಿ ಇಮ್ಮಡಿಯಾಗುವುದರಿಂದ ಸಮಯ ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಹೀಗೇ ಹೋದರೆ 100 ಡೆಸಿಬೆಲ್‌ಗೆ 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಕಾರ್ಯಕ್ರಮಗಳಿಗೆ ಸರಾಸರಿ 100 ಡೆಸಿಬೆಲ್ ಮಿತಿಯನ್ನೂ, ಕೇಳುಗರಿಗೆ ಇಯರ್‌ಪ್ಲಗ್ ಮತ್ತು ಸದ್ದಿಲ್ಲದ ಜಾಗವನ್ನೂ ಶಿಫಾರಸು ಮಾಡಿತು. ಔಷಧಿ ಅಂಗಡಿಯಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ತೀರಾ ಅಗ್ಗ. ಬೆರಳಲ್ಲಿ ಹೊಸೆದು ಸಣ್ಣಗೆ ಮಾಡಿ, ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಉಬ್ಬುವವರೆಗೆ ಬೆರಳಲ್ಲಿ ಹಿಡಿದಿರಬೇಕು. ಸುಮ್ಮನೆ ತುರುಕಿದರೆ ಪ್ರಯೋಜನವಿಲ್ಲ. ನಿಲ್ಲುವ ಜಾಗವೂ ಮುಖ್ಯ. ಬಯಲಿನಲ್ಲಿ ಸ್ಪೀಕರಿನಿಂದ ದೂರ ಇಮ್ಮಡಿಯಾದಂತೆ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಸೌಂಡ್ ಎಂಜಿನಿಯರ್ ಕೂರುವ ಮೇಜಿನ ಹತ್ತಿರ ನಿಂತರೆ ಕಿವಿಗೂ ಕ್ಷೇಮ, ಸಂಗೀತವೂ ಚೆನ್ನ, ಏಕೆಂದರೆ ಅವರು ಎಲ್ಲವನ್ನೂ ಹದ ಮಾಡುವುದು ಅಲ್ಲಿ ಕೇಳಿಸುವುದನ್ನು ಆಧರಿಸಿ.

ಬಯಲಿನಲ್ಲಿ ಧ್ವನಿವರ್ಧಕ ರಾತ್ರಿ ಹತ್ತಕ್ಕೆ ನಿಲ್ಲಬೇಕು. ಶಬ್ದ ಮಾಲಿನ್ಯದ 2000ದ ನಿಯಮಗಳು ಹೇಳುವುದು ಹಾಗೆ, ವಿನಾಯಿತಿ ಕೆಲವೇ ದಿನಗಳಿಗೆ. ಒಂಬತ್ತೂಮುಕ್ಕಾಲಿಗೆ ಅಮ್ಮಿಯ ಫೋನ್ ಬಂತು. ಒಳಗೆ ಏನೂ ಕೇಳಿಸದು, ಮಾಮು ನನ್ನನ್ನು ಕರೆದುಕೊಂಡು ಗೇಟಿನ ಹೊರಗೆ ಬಂದರು. ಮರಳಿ ಒಳಗೆ ಬಿಡಲು ಕೈಗೆ ಕಟ್ಟಿದ ಕಾಗದದ ಪಟ್ಟಿ ಸಾಕು ಎಂದ ಸೆಕ್ಯುರಿಟಿಯವರು, "ಬೇಗ ಬನ್ನಿ" ಎಂದರು. ಕಾಲೇಜಿನ ಕಾಂಪೌಂಡ್ ಪಕ್ಕ ನಿಂತು ಅಮ್ಮಿಗೆ ಉತ್ತರ ಹೇಳಿ ಫೋನ್ ಇಟ್ಟ ಮೇಲೆ ಇಬ್ಬರೂ ಸುಮ್ಮನೆ ನಿಂತೆವು. ಗೋಡೆಯ ಆಚೆ ಖಾಲಿದ್ ಹಾಡುತ್ತಿದ್ದರು, ಒಂದು ಪದವೂ ಈಚೆ ಬರುತ್ತಿರಲಿಲ್ಲ.

ದಬ್, ದಬ್, ದಬ್.

"ಇದೇ," ಎಂದರು ಮಾಮು. "ಅವತ್ತು ಎರಡು ಗಂಟೆ ಇದನ್ನೇ ಕೇಳಿದ್ದು ನಾನು." ಆಮೇಲೆ ನನ್ನ ಮುಂಗೈ ಹಿಡಿದು ಗೇಟಿನ ಕಡೆ ಓಡಿದರು, ಇನ್ನೂ ಹತ್ತು ನಿಮಿಷವಿತ್ತು.